ಮಾತು ನಿಂತವರ ಕೈಗೆ ರದ್ದಿಯ ಚೂರು

ಬೆಳಗಿನ ಆರು ಗಂಟೆ. ರದ್ದಿ ಕಾಗದ ವಿಂಗಡಿಸುವ ಷೆಡ್ಡಿನಲ್ಲಿ ಯಂತ್ರ ಇನ್ನೂ ಸದ್ದು ಮಾಡಿಲ್ಲ. ಮೂಟೆಗಳ ಸಂದಿಯಲ್ಲಿ ಮಂಡಿಯೂರಿ ಕೂತ ಚೂರಕ್ಕ ಹಳೆಯ ಕ್ಯಾಲೆಂಡರಿನ ಮೂಲೆ, ಲಕೋಟೆಯ ಒಳಮೈ, ಔಷಧಿಯ ಡಬ್ಬಿ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆಸೆಯುತ್ತಾರೆ. ಇದ್ದಕ್ಕಿದ್ದಂತೆ ಒಂದು ಸಾಬೂನಿನ ಹೊದಿಕೆ ಹಿಡಿದು ಎದ್ದೇಬಿಡುತ್ತಾರೆ.

"ಸಿಕ್ತು! ಮೂರು ದಿನದಿಂದ ಹುಡುಕ್ತಿದ್ದೆ. ನೀರಿನ ಬಣ್ಣ ಅಂದ್ರೆ ಇದು. ಬೇರೆ ನೀಲಿಯೆಲ್ಲಾ ಶಾಯಿ ಚೆಲ್ಲಿದ ಹಾಗಿರುತ್ತೆ."

ಇವತ್ತು ಅವರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಸಂಜೆ ನಾಲ್ಕಕ್ಕೆ ಹನ್ನೆರಡು ಕಟ್ಟು ಕಾರ್ಡು ಆಸ್ಪತ್ರೆ ಸೇರಬೇಕು. ಕೊನೆಯ ಕಟ್ಟಿಗೆ ಒಂದೇ ಒಂದು ಬಾಕಿ: 'ಬಾಯಾರಿಕೆ'.

ಇಸ್ಪೀಟಿನ ಎಲೆಯಷ್ಟು ರಟ್ಟು, ಅದರ ಮೇಲೆ ರದ್ದಿ ಹರಿದು ಅಂಟಿಸಿದ ಪುಟಾಣಿ ಚಿತ್ರ. ಲೋಟ, ಕಿಟಕಿ, ಹೊದಿಕೆ, ನೋಯುವ ಮೊಣಕಾಲು, ಹೀಗೆ ಒಂದೊಂದು ಕಟ್ಟಿನಲ್ಲಿ ಇಪ್ಪತ್ತನಾಲ್ಕು. ಮಾತು ನಿಂತ ರೋಗಿ ತನಗೆ ಬೇಕಾದ್ದನ್ನು ಎತ್ತಿ ತೋರಿಸಿದರಾಯಿತು. ಯಾವುದಕ್ಕೂ ಕತ್ತರಿ ತಾಗಿಲ್ಲ. ಹಿಂದೊಮ್ಮೆ ಕಾಗದ ಒತ್ತುವ ಯಂತ್ರಕ್ಕೆ ಸಿಕ್ಕ ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. "ಕತ್ತರಿ ಮುನಿಸ್ಕೊಳ್ತು, ಉಗುರು ಕೈಹಿಡೀತು," ಎಂದು ನಗುತ್ತಾರೆ. ಹರಿದ ಅಂಚಿನ ಬಿಳಿ ನಾರು ಒಂದು ಕಾರ್ಡಿನಲ್ಲಿ ಬಿಸಿ ಹಾಲಿನ ಹಬೆ, ಇನ್ನೊಂದರಲ್ಲಿ ಅಜ್ಜಿಯ ಕೂದಲು.

ಇದೆಲ್ಲ ಶುರುವಾಗಿದ್ದು ಮೂರು ವರ್ಷದ ಹಿಂದೆ, ಅತ್ತೆಗೆ ಲಕ್ವ ಹೊಡೆದಾಗ. "ನಮ್ಮತ್ತೆ ಮಾತಿಗೆ ಕೂತ್ರೆ ಗಡಿಯಾರಕ್ಕೂ ಆಕಳಿಕೆ ಬರ್ತಿತ್ತು. ಅಂಥವರ ಬಾಯಿ ಕಟ್ಟಿಹೋಯ್ತು." ಸನ್ನೆಯಲ್ಲಿ ನೀರು ಕೇಳಿದರೆ ಮಗ ಹೊದಿಕೆ ತರುತ್ತಿದ್ದರು, ಅತ್ತೆ ಅತ್ತು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಒಂದು ದಿನ ಚೂರಕ್ಕ ರಟ್ಟಿನ ಮೇಲೆ ಲೋಟ ಅಂಟಿಸಿ ಅವರ ಎಡಗೈಗಿಟ್ಟರು. "ತೋರಿಸಿದ್ರು. ಓಡಿಹೋಗಿ ನೀರು ತಂದೆ. ಕುಡೀಲೇ ಇಲ್ಲ, ನಕ್ಕರು. ನನ್ನನ್ನ ಪರೀಕ್ಷೆ ಮಾಡಿದ್ದು!"

ಹತ್ತನೇ ದಿನಕ್ಕೆ ಹೊಸ ಫಜೀತಿ. ಅತ್ತೆ ಕಾರ್ಡುಗಳನ್ನೆಲ್ಲ ತಳ್ಳಿ ತಮ್ಮ ಬಾಯಿ ತೋರಿಸಿದರು, ಆಮೇಲೆ ಮಗನನ್ನು. ಹಸಿವೇ? ಅಲ್ಲ. ಹಲ್ಲುನೋವೇ? ಅದೂ ಅಲ್ಲ. ಅತ್ತೆ ಹುಬ್ಬು ಗಂಟಿಕ್ಕಿದ ಮೇಲೆ ಸೊಸೆಗೆ ಹೊಳೆಯಿತು. ಅವರಿಗೆ ಬೈಯಬೇಕಿತ್ತು! ಕೆಂಪು ಕಾಗದ ಮುದುರಿ ಅಗಲವಾಗಿ ತೆರೆದ ಬಾಯೊಂದು ತಯಾರಾಯಿತು. "ಅವತ್ತಿಂದ ನಮ್ಮನೆಯವರು ದಿನಕ್ಕೆ ನಾಲ್ಕು ಸಲ ಬೈಸ್ಕೊಳ್ತಾರೆ. ನನಗೂ ಪಾಲುಂಟು."

ಎರಡು ತಿಂಗಳ ಹಿಂದೆ ಆಸ್ಪತ್ರೆಗೆ ಹೋದಾಗಲೂ ಅತ್ತೆ ಆ ಕೆಂಪು ಬಾಯಿ ಎತ್ತಿದ್ದನ್ನು ಮಾತು ಕಲಿಸುವ ಟೀಚರಮ್ಮ ಕಂಡರು. ಅವರ ಬಳಿ ಅಚ್ಚು ಹಾಕಿದ ಚಿತ್ರಗಳಿದ್ದವು, ರೋಗಿಗಳು ಮುಟ್ಟುತ್ತಿರಲಿಲ್ಲ. ಹರಿದು ಅಂಟಿಸಿದ ಇವಾದರೋ ಬೆರಳಿಗೂ ತಿಳಿಯುತ್ತವೆ. "ನಮ್ಮ ವಾರ್ಡಿಗೂ ಮಾಡ್ಕೊಡ್ತೀರಾ?" ಎಂದರು. ಅಲ್ಲಿಂದ ಐವತ್ತು ದಿನ ಚೂರಕ್ಕನಿಗೆ ಬಿಡುವಿಲ್ಲ. ಹಗಲು ಷೆಡ್ಡಿನಲ್ಲಿ ಇನ್ನೂರು ಕಿಲೋ ವಿಂಗಡಣೆ, ಮನೆಗೆ ಬಂದು ಆರು ಕಾರ್ಡು. ಷೆಡ್ಡಿನಿಂದ ದಿನಾ ಒಂದು ಹಿಡಿ ಚೂರು ಒಯ್ಯಲು ಮಾಲೀಕರ ಒಪ್ಪಿಗೆಯಿದೆ. ಹೆಸರೂ ಹಾಗೇ ಅಂಟಿದ್ದು.

ಪರೀಕ್ಷಕರು ಅತ್ತೆಯೇ. ನೋಡಿದ ಕೂಡಲೇ ಗುರುತು ಸಿಗದಿದ್ದರೆ ಕಾರ್ಡು ಮಂಚದ ಕೆಳಗೆ. 'ಬಾಯಾರಿಕೆ' ಈ ವಾರ ಮೂರು ಸಲ ಬಿದ್ದಿದೆ. ಇವತ್ತು ಅರ್ಧ ದಿನದ ರಜೆ ಹಾಕಿ ಮನೆಗೆ ಬಂದ ಚೂರಕ್ಕ ಸಾಬೂನಿನ ನೀಲಿ ಕಾಗದ ಹರಿದು, ಒಣಗಿದ ತುಟಿಯ ಮೇಲೊಂದು ಹನಿ ಅಂಟಿಸಿ, ಉಸಿರು ಬಿಗಿಹಿಡಿದು ಮುಂದಿಡುತ್ತಾರೆ. ಅತ್ತೆ ನೋಡುತ್ತಾರೆ. ಮತ್ತೆ ನೋಡುತ್ತಾರೆ. ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಾರೆ. "ಪಾಸಾಯ್ತು!" ಸೊಸೆ ಕೂಗಿದ್ದು ಪಕ್ಕದ ಮನೆಗೂ ಕೇಳಿಸುತ್ತದೆ.

ನಾಲ್ಕು ಗಂಟೆ. ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ನಿವೃತ್ತ ಡ್ರೈವರ್ ಒಬ್ಬರು. ಇಪ್ಪತ್ತು ದಿನದಿಂದ ತುಟಿ ಪಿಟಕ್ಕೆಂದಿಲ್ಲ. ಹೆಂಡತಿ ಕಾರ್ಡು ಹರಡುತ್ತಾರೆ. ಎಡಗೈ ತಡವುತ್ತಾ ಹೋಗಿ ಕೆಂಪು ಬಾಯಿಯ ಮೇಲೆ ನಿಲ್ಲುತ್ತದೆ, ಅದನ್ನೆತ್ತಿ ಹೆಂಡತಿಯ ಮೂಗಿಗೇ ಹಿಡಿಯುತ್ತದೆ.

"ಅಯ್ಯೋ, ಇಷ್ಟು ದಿನ ಇದನ್ನೇ ತಡ್ಕೊಂಡಿದ್ರಾ?"

ಇಡೀ ವಾರ್ಡು ಗೊಳ್ಳೆನ್ನುತ್ತದೆ. ಡ್ರೈವರ್ ಮಾತ್ರ ನಗುವುದಿಲ್ಲ. ಇನ್ನೊಂದು ಕಾರ್ಡು ಎತ್ತುತ್ತಾರೆ. ಕಿಟಕಿ. ಆಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಅವರ ಹಾಸಿಗೆ ಇಪ್ಪತ್ತು ದಿನವೂ ಗೋಡೆಗೆ ಮುಖ ಮಾಡಿದೆ. ಚೂರಕ್ಕ ಮತ್ತು ಟೀಚರಮ್ಮ ಸೇರಿ ಮಂಚ ತಿರುಗಿಸುತ್ತಾರೆ. ಹೊರಗೆ ಬಸ್ಸೊಂದು ಹಾದುಹೋಗುತ್ತದೆ. ಡ್ರೈವರ್ ಅದು ಮರೆಯಾಗುವ ತನಕ ನೋಡುತ್ತಾರೆ.

ಮೆಟ್ಟಿಲಿಳಿಯುವಾಗ, ಮುಂದಿನ ಆಸೆ ಏನು ಎಂದು ಕೇಳಿದರೆ ಚೂರಕ್ಕ ತಡವರಿಸುವುದಿಲ್ಲ.

"ಕಟ್ಟುಗಳೆಲ್ಲಾ ಒಂದಿನ ವಾಪಸ್ ಬರ್ಲಿ. ನಮಗಿನ್ನು ಬೇಡ ಅಂತ ಹೇಳಿ ಕೊಟ್ಟುಹೋಗ್ಲಿ. ಹೇಳೇ ಕೊಡ್ಬೇಕು ಮತ್ತೆ, ಬಾಯಲ್ಲಿ!"