ಹುಳ ಮಲಗಿದ ಭಾನುವಾರ

ಆಗೆಲ್ಲ ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಹುಳದ ಮಾತೇ ಹೆಚ್ಚು ನಡೆಯುತ್ತಿತ್ತು. ಬಿಡದಿಯಿಂದ ಒಳಕ್ಕೆ, ಕಾರ್ಖಾನೆ ಬಸ್ಸುಗಳು ಆಗಷ್ಟೇ ಬರತೊಡಗಿದ್ದ ಊರು ನಮ್ಮದು. ಮನೆಯ ಉದ್ದನೆಯ ಕೋಣೆ ರೇಷ್ಮೆಹುಳದ್ದು. ಮಿಕ್ಕ ಜಾಗದಲ್ಲಿ ನಾವು: ಅಪ್ಪ, ಅವ್ವ, ಅಜ್ಜಿ, ನಾನು. ಬೆಳಿಗ್ಗೆ ಆರಕ್ಕೆ ಸೊಪ್ಪು, ಹನ್ನೊಂದಕ್ಕೆ ಸೊಪ್ಪು, ಸಂಜೆ ಐದಕ್ಕೆ, ಮಲಗುವ ಮುಂಚೆ ಇನ್ನೊಂದು ಸಲ. ಬಿದಿರಿನ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡಿ ಬಾಗಿಲು ಮುಂದೆ ಮಾಡಿದರೆ ಸಾಕು, ಪಕ್ಕದ ಮನೆಯಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ ಸರಸರ ಸದ್ದು. ಹಸಿ ಸೊಪ್ಪಿನ ವಾಸನೆ, ಸುಣ್ಣದ ವಾಸನೆ, ಸಗಣಿ ಸಾರಿಸಿದ ನೆಲದ ತಂಪು. ಕಣ್ಣು ಮುಚ್ಚಿದರೆ ಈಗಲೂ ಅಲ್ಲಿಗೇ ಹೋಗಿಬಿಡುತ್ತೇನೆ.

ಎಂಟನೇ ಕ್ಲಾಸಿನಲ್ಲಿದ್ದೆ. ಓಡುವುದರಲ್ಲಿ ನನಗೆ ದೇವರು ಕಾಲು ಕೊಟ್ಟಿದ್ದ. ಶಾಲೆಯ ಖೋ ಖೋ ಟೀಮಿಗೆ ಸೇರಬೇಕೆಂದು ಆಸೆ. ಪಿ.ಟಿ. ಮೇಷ್ಟ್ರು ಒಂದು ಸಲ ಓಡಿಸಿ ನೋಡಿ, "ಬೆಳಿಗ್ಗೆ ಆರಕ್ಕೆ ಫೀಲ್ಡಲ್ಲಿರಬೇಕು, ಸಂಜೆ ಆರೂವರೆಗೆ ಬಿಡ್ತೀನಿ" ಎಂದರು. ಎರಡೂ ಸೊಪ್ಪಿನ ಹೊತ್ತು. ಮನೆಗೆ ಬಂದು ಹೇಳಿದೆ.

"ಹೋಗವ್ವ, ಬ್ಯಾಡ ಅಂದೋರ್ಯಾರು?" ಎಂದಳು ಅವ್ವ, ಸೊಪ್ಪು ಹೆಚ್ಚುತ್ತಲೇ. "ಹುಳಕ್ಕೂ ಒಂದ್ ಮಾತ್ ಹೇಳ್ಬುಟ್ಟು ಹೋಗು. ಆರೂವರೆ ಮ್ಯಾಲೆ ಬತ್ತೀನಿ, ಅಲ್ಲೀಗಂಟ ಉಪಾಸ ಇರಿ ಅನ್ನು."

ಗೋಡೆಯ ಗೂಡಿನಲ್ಲಿ ಕೂತಿದ್ದ ಆಂಜನೇಯಸ್ವಾಮಿ ಪಟದ ಮುಂದೆ ನಿಂತು, "ಒಂದೇ ಒಂದು ಗಂಟೆಯ ಟೀಮು ಯಾವುದಾದರೂ ಇದ್ದರೆ ತೋರಿಸಪ್ಪಾ" ಎಂದು ಬೇಡಿಕೊಂಡೆ. ನಗಬೇಡಿ. ಆ ವಯಸ್ಸಿನಲ್ಲಿ ಕೇಳುವುದೆಲ್ಲ ಅಷ್ಟಷ್ಟೇ ಇರುತ್ತದೆ.

ಅವನು ತೋರಿಸಿದ್ದು ಸರೋಜಕ್ಕನನ್ನು. ನಮ್ಮ ಹಿಂದಿನ ಬೀದಿಯವಳು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಗಾರ್ಮೆಂಟ್ಸ್ ಬಸ್ಸಿನಲ್ಲಿ ಕತ್ತಲಿಗೆ ಹೋಗಿ ಕತ್ತಲಿಗೆ ಬರುವವಳು. ಹೈಸ್ಕೂಲಿನಲ್ಲಿ ಖೋ ಖೋ ಆಡಿದ್ದಳಂತೆ. ಅವಳಿಗಿದ್ದದ್ದು ಭಾನುವಾರ ಒಂದೇ, ಅದರಲ್ಲೂ ಬಟ್ಟೆ ಒಗೆದು, ತಲೆಗೆ ಸ್ನಾನ ಮಾಡಿ, ಉಂಡ ಮೇಲೆ ಉಳಿಯುವ ಒಂದು ಗಂಟೆ.

"ಮೂರಕ್ಕೆ ಬನ್ನಿ, ನಾಕಕ್ಕೆ ಹೋಗಿ. ನಾಕಾದ್ ಮ್ಯಾಲೆ ದೇವ್ರೇ ಬಂದ್ರೂ ನಾನ್ ಆಡ್ಸಲ್ಲ" ಎಂದಳು. "ನನ್ಗೂ ಸೊಂಟ ಐತೆ ಕಣ್ರಮ್ಮಿ."

ಒಂಬತ್ತು ಹುಡುಗಿಯರು ಸೇರಿದೆವು. ಒಬ್ಬಳಿಗೆ ಹಸು ಕಟ್ಟುವ ಹೊತ್ತು, ಒಬ್ಬಳಿಗೆ ತಂಗಿಯನ್ನು ಎತ್ತಿಕೊಳ್ಳುವ ಹೊತ್ತು, ಅರ್ಧಕ್ಕರ್ಧ ಜನಕ್ಕೆ ನನ್ನಂತೆ ಹುಳ. ಶಾಲೆಯ ಟೀಮಿನ ಹೊತ್ತಿಗೆ ಹೊಂದದವರೆಲ್ಲ ಆ ಒಂದು ಗಂಟೆಯೊಳಗೆ ಹೊಂದಿಕೊಂಡುಬಿಟ್ಟೆವು.

ಆಡುತ್ತಿದ್ದದ್ದು ಸರ್ಕಾರ ಕೈಗಾರಿಕೆಗೆಂದು ತೆಗೆದುಕೊಂಡ ಜಮೀನಿನಲ್ಲಿ. ಜೆಸಿಬಿ ಬಂದು ಮಟ್ಟ ಮಾಡಿ ಕಲ್ಲು ನೆಟ್ಟು ಹೋಗಿತ್ತು, ಕಾರ್ಖಾನೆ ಇನ್ನೂ ಬಂದಿರಲಿಲ್ಲ. ಮೂರು ಗಂಟೆಯ ಬಿಸಿಲಿನಲ್ಲಿ ಆ ಕೆಂಪು ನೆಲ ಬೇಯಿಸಿದ ಗೆಣಸಿನ ಹಾಗೆ ವಾಸನೆ ಬರುತ್ತಿತ್ತು. ಗೆರೆ ಎಳೆಯಲು ಹುಳದ ಮನೆಯವರು ಒಂದೊಂದು ಹಿಡಿ ಸುಣ್ಣದ ಪುಡಿ ಲಂಗದ ಮಡಿಲಲ್ಲಿ ತರುತ್ತಿದ್ದೆವು.

ಸುಣ್ಣ ಯಾಕೆಂದು ಹೇಳಬೇಕು. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲುಗದೆ ಕೂತುಬಿಡುತ್ತದೆ. ಹಳೇ ಚರ್ಮ ಕಳಚಿ ಹೊಸದರಲ್ಲಿ ಏಳುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣ ಉದುರಿಸಿ ಸುಮ್ಮನಿರಬೇಕು. ತಟ್ಟೆಯ ಕೊನೆಯ ಹುಳವೂ ಎದ್ದ ಮೇಲೇ ಸೊಪ್ಪು. ಅಲ್ಲಿಯವರೆಗೆ ಮನೆ ಎಷ್ಟು ಶಾಂತವಾಗಿರುತ್ತಿತ್ತೆಂದರೆ ಅಜ್ಜಿ ಕೂಡ ಪಿಸುಮಾತಿನಲ್ಲಿ ಗೊಣಗುತ್ತಿದ್ದಳು.

ನಾವು ಎಂಟು ಜನ ಎಂಟು ಚೌಕಗಳಲ್ಲಿ ಕುಕ್ಕರಗಾಲಲ್ಲಿ ಕೂತು ಖೋ ಬರುವುದನ್ನು ಕಾಯುತ್ತಿದ್ದರೆ ಸರೋಜಕ್ಕ, "ನೋಡು, ಎಂಟೂ ಜ್ವರಕ್ಕೆ ಕೂತವೆ" ಎಂದು ಆಡಿಕೊಳ್ಳುತ್ತಿದ್ದಳು.

ಆ ವರ್ಷ ಮಾಗಿಯ ಚಳಿ ಕಳೆದ ಮೇಲೆ ಸರೋಜಕ್ಕ ಒಂದು ಆಟ ಗೊತ್ತು ಮಾಡಿದಳು. ಅವಳ ಅಕ್ಕನನ್ನು ಕೊಟ್ಟಿದ್ದ ಮರಳವಾಡಿಯ ಹುಡುಗಿಯರ ಮೇಲೆ. ಭಾನುವಾರ ಮೂರಕ್ಕೆ ಆಟ, ಹನ್ನೆರಡಕ್ಕೆ ನಮ್ಮೂರಿಂದ ಟೆಂಪೊ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಶನಿವಾರ ಬೆಳಿಗ್ಗೆ ಕೂರುತ್ತಿತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಏಳುತ್ತಿತ್ತು. ನನಗಾಗಿಯೇ ಮಲಗಿದ ಹಾಗೆ.

ಆದರೆ ಆ ದಿನವೇ ಅಪ್ಪ ಅವ್ವ ದೊಡ್ಡಆಲಹಳ್ಳಿಗೆ ನೆಂಟರ ತಿಥಿಗೆ ಹೋಗಬೇಕಾಯಿತು. ಅಜ್ಜಿಗೆ ಕಣ್ಣು ಮಂಜು. ಅವ್ವ ಹೊರಡುವಾಗ ಸೆರಗು ಸಿಗಿಸಿಕೊಳ್ಳುತ್ತ ಹೇಳಿದಳು:

"ಎಲ್ಲಾ ಎದ್ದಿದ್ರೆ ಸೊಪ್ಪಾಕ್ಬುಟ್ಟು ಹೋಗು. ಏಳ್ದೆ ಇದ್ರೆ ಹೋಗ್ಬ್ಯಾಡ. ಒಂದೂ ಮಲ್ಗಿರಬಾರ್ದು, ತಿಳೀತಾ?"

ಹತ್ತಕ್ಕೆ ನೋಡಿದೆ, ಅರ್ಧ ಎದ್ದಿದ್ದವು. ಹನ್ನೊಂದಕ್ಕೆ ನೋಡಿದೆ, ಮುಕ್ಕಾಲು. ಎದ್ದವು ಬರೀ ತಟ್ಟೆಯ ಮೇಲೆ ಮೂತಿ ಆಡಿಸುತ್ತಿದ್ದವು. ಮಿಕ್ಕವು ಬೂದು ತಲೆ ಎತ್ತಿಕೊಂಡು ಹಾಗೇ ಕೂತಿದ್ದವು. ಬಗ್ಗಿ ಮೆಲ್ಲಗೆ ಗಾಳಿ ಊದಿದೆ. "ಏಳ್ರಪ್ಪ, ಏಳಿ" ಎಂದು ಬೇಡಿಕೊಂಡೆ. ಹನ್ನೆರಡಕ್ಕೆ ಬೀದಿಯ ಕೊನೆಯಲ್ಲಿ ಟೆಂಪೊ ಹಾರನ್ ಹೊಡೆಯಿತು.

ಸೊಪ್ಪು ಹಾಕಿದೆ. ಎಲ್ಲಾ ತಟ್ಟೆಗೂ ಒಂದೇ ಸಮನೆ ಹರಡಿ, ಮಲಗಿದ್ದವು ಕಾಣದ ಹಾಗೆ ಮುಚ್ಚಿ, ಓಡಿದೆ.

ಮರಳವಾಡಿಯ ಆಟ ನನಗೆ ಕನಸಿನ ಹಾಗೆ ನೆನಪಿದೆ. ಹುಣಸೆಮರದ ನೆರಳು ಅರ್ಧ ಅಂಕಣದ ಮೇಲೆ ಬಿದ್ದಿತ್ತು. ಬಿಸಿಲಿಂದ ನೆರಳಿಗೆ, ನೆರಳಿಂದ ಬಿಸಿಲಿಗೆ ಓಡುವಾಗ ಮೈಯೆಲ್ಲ ಹಗುರ. ಅವರ ಕೊನೆಯ ಹುಡುಗಿ ಕಂಬ ಸುತ್ತುವಾಗ ನಾನು ಎದೆ ನೆಲಕ್ಕೆ ಹಾಕಿ ಜಾರಿ ಅವಳ ಹಿಮ್ಮಡಿ ಮುಟ್ಟಿದೆ. ಗೆದ್ದೆವು. ಕಡ್ಲೆಪುರಿ, ಬಾಳೆಹಣ್ಣು ಕೊಟ್ಟರು. ಟೆಂಪೊದಲ್ಲಿ ಬರುವಾಗ ಎಲ್ಲರೂ ಹಾಡಿದರು. ನಾನೂ ಹಾಡಿದೆ, ಆದರೆ ಕಣ್ಣ ಮುಂದೆ ಆ ಬೂದು ತಲೆಗಳು.

ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಮೂರನೇ ದಿನ ಅಜ್ಜಿ ತಟ್ಟೆಯ ಮೇಲೆ ಕೈ ಆಡಿಸಿದಳು. ಕಣ್ಣಿಗೆ ಕಾಣದ್ದು ಅವಳ ಬೆರಳಿಗೆ ಕಾಣುತ್ತಿತ್ತು.

"ಇದೇನವ್ವ, ಒಂದು ದಪ್ಪ ಒಂದು ಸಣ್ಣ? ಎದ್ದವು ಉಂಡ್ಬುಟ್ಟವೆ, ಮಲ್ಗಿದ್ದವು ಸೊಪ್ಪಿನಡೀಲಿ ಸಿಕ್ಕಂಡವೆ. ಯಾರವ್ವ ಬಡಿಸ್ದೋರು?"

ಅವ್ವ ನನ್ನ ಕಡೆ ನೋಡಿದಳು. ನಾನು ಎಲ್ಲ ಹೇಳಿಬಿಟ್ಟೆ. ಹೊಡೆಯಲಿಲ್ಲ ಅವಳು. ಹೊಡೆದಿದ್ದರೆ ಹಗುರವಾಗುತ್ತಿತ್ತು. "ಅವು ಬಾಯಿಲ್ಲದ ಜೀವ ಕಣಮ್ಮಿ" ಎಂದಳು, ಅಷ್ಟೇ. ಆಮೇಲೆ, "ಇನ್ ಆಟ ಸಾಕು."

ಇನ್ನು ಆಟಕ್ಕೆ ಬರುವುದಿಲ್ಲ ಎಂದು, ಯಾಕೆಂಬುದನ್ನೂ, ಟೀಮಿನ ಹುಡುಗಿಯರಿಗೆ ಹೇಳಿದೆ. ಆ ವಾರವೆಲ್ಲ ನಾನು ಸಣ್ಣ ಹುಳಗಳನ್ನು ಬೇರೆ ತಟ್ಟೆಗೆ ಆರಿಸಿ, ಎಳೇ ಸೊಪ್ಪು ಹುಡುಕಿ ಹಾಕಿದೆ. ಆದರೂ ಮುಂದಿನ ಭಾನುವಾರ ಆಗಬಾರದ್ದು ಆಯಿತು. ಹುಳ ಹಣ್ಣಾಗತೊಡಗಿತು, ಅಂದರೆ ಗೂಡು ಕಟ್ಟಲು ಜೇನಿನ ಬಣ್ಣಕ್ಕೆ ತಿರುಗಿತು. ಒಂದೇ ಸಲ ಹಣ್ಣಾಗಿದ್ದರೆ ಒಟ್ಟಿಗೆ ಬಾಚಿ, ಚಂದ್ರಿಕೆ ಎಂಬ ಸುರುಳಿ ಬಿದಿರಿನ ಚಾಪೆಗೆ ಬಿಡಬಹುದು. ಇಲ್ಲಿ ಒಂದೇ ತಟ್ಟೆಯಲ್ಲಿ ಹಣ್ಣು, ಕಾಯಿ ಎರಡೂ. ಒಂದೊಂದನ್ನೇ ಆರಿಸಬೇಕು, ಮಿಕ್ಕವಕ್ಕೆ ಸೊಪ್ಪೂ ಹಾಕಬೇಕು. ತಡವಾದರೆ ಹಣ್ಣು ಹುಳ ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳಾಗುತ್ತದೆ. ಅವ್ವನ ಕೈ ಸಾಲುತ್ತಿರಲಿಲ್ಲ. ಅಪ್ಪ ಸೊಪ್ಪಿಗೆ ಹೋಗಿದ್ದರು.

ಮೂರು ಗಂಟೆಗೆ ಅಂಗಳದಲ್ಲಿ ಸದ್ದಾಯಿತು. ಸರೋಜಕ್ಕ, ಹಿಂದೆ ಎಂಟು ಜನ.

"ಆಟಕ್ಕೆ ಬರಾಕಿಲ್ಲ ಅವ್ಳು" ಎಂದಳು ಅವ್ವ, ಬಾಗಿಲಿಂದಲೇ.

"ಗೊತ್ತು ಅತ್ತೆ. ಅದ್ಕೇ ಬಂದ್ವಿ." ಸರೋಜಕ್ಕ ತೊಟ್ಟಿಯ ಹತ್ತಿರ ನಿಂತು ಹುಡುಗಿಯರ ಕಡೆ ತಿರುಗಿದಳು. "ಕಾಲ್ ತೊಳ್ಕೊಳ್ರೆ ಎಲ್ಲಾ. ಪೌಡರ್ ಹಾಕ್ಕಂಡು ಬಂದಿರೋ ರಾಣೀರು ಮುಖಾನೂ ತೊಳ್ಕೊಳಿ, ಹುಳಕ್ಕೆ ವಾಸ್ನೆ ಆಗಕ್ಕಿಲ್ಲ." ಆಮೇಲೆ ನನ್ನ ತಲೆಗೆ ಮೊಟಕಿದಳು. "ಖೋ ಕೊಡಕ್ ಮುಂಚೆ ಎದ್ರೆ ಫೌಲು ಅಂತ ಹೇಳ್ಕೊಟ್ಟಿದ್ದು ಇದ್ಕೇಯೇನೆ?"

ಹುಳದ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಒಂದು ಗಳಿಗೆ ಬಾಗಿಲಿಗೆ ಅಡ್ಡ ನಿಂತಳು. ಆಮೇಲೆ ಪಕ್ಕಕ್ಕೆ ಸರಿದಳು.

ಹತ್ತು ತಟ್ಟೆಯ ಮುಂದೆ ಹತ್ತು ಜನ ಕೂತೆವು. ಗವಾಕ್ಷಿಯಿಂದ ಬಿದ್ದ ಬಿಸಿಲಲ್ಲಿ ಹುಳಗಳು ಒಳಗೆ ದೀಪವಿದ್ದ ಹಾಗೆ ಕಾಣುತ್ತಿದ್ದವು. ಬೆರಳ ತುದಿಯಲ್ಲಿ ಅವುಗಳ ತಂಪು. ಅವ್ವ ತಟ್ಟೆಯಿಂದ ತಟ್ಟೆಗೆ ಹೋಗಿ, "ಅದು ಇನ್ನೂ ಒಸಿ ಕಾಯಿ ಕಣ್ಮಗ, ಬುಡು" ಎಂದು ತೋರಿಸುತ್ತಿದ್ದಳು. ನಾಲ್ಕಾಯಿತು. ಯಾರೂ ಏಳಲಿಲ್ಲ. ನಾಲ್ಕೂವರೆ, ಐದು. ನಾಲ್ಕಾದ ಮೇಲೆ ದೇವರು ಬಂದರೂ ಆಡಿಸುವುದಿಲ್ಲ ಎಂದಿದ್ದ ಸರೋಜಕ್ಕ ಸೊಂಟ ಹಿಡಿದುಕೊಂಡು ದೀಪ ಹಚ್ಚುವ ಹೊತ್ತಿನವರೆಗೆ ಕೂತಿದ್ದಳು. ಮಾರನೇ ದಿನ ಅವಳಿಗೆ ಕತ್ತಲಲ್ಲೇ ಬಸ್ಸು.

ಹೋಗುವಾಗ ಅವ್ವ ಎಲ್ಲರಿಗೂ ಬೆಲ್ಲ ಹಾಕಿ ಕಲಸಿದ ಅವಲಕ್ಕಿ ಕೊಟ್ಟಳು. ನನ್ನ ಪಾಲು ಕೊಡುವಾಗ ಮುಖ ನೋಡದೆ, "ಬರೋ ಭಾನುವಾರ ಮೂರಕ್ಕೆ ಹೋಗು. ನಾಕಕ್ಕೆ ಬಾ" ಎಂದಳು. ದೇವರು ಬೇರೆ ಯಾವ ರೂಪದಲ್ಲೂ ಅಷ್ಟು ಹತ್ತಿರ ಬಂದದ್ದು ನನಗೆ ನೆನಪಿಲ್ಲ.

ಈಗ ರಾಮನಗರದಲ್ಲಿದ್ದೇನೆ. ಮನೆ ಇದೆ, ಮಗಳಿದ್ದಾಳೆ, ಆರೋಗ್ಯವಿದೆ. ಅಷ್ಟು ಪುಣ್ಯ ಸಾಕು. ಮಗಳಿಗೆ ಆಡುವ ಆಸೆ, ಜೊತೆಗೆ ಸಂಗೀತ, ಟ್ಯೂಷನ್. ಹೋದ ತಿಂಗಳು ಒಂದು ಕ್ರೀಡಾ ತರಬೇತಿಯವರನ್ನು ಕೇಳಲು ಹೋಗಿದ್ದೆ. ವಾರಕ್ಕೆ ಐದು ದಿನ, ದಿನಕ್ಕೆ ಎರಡು ಗಂಟೆ ಎಂದರು. "ಭಾನುವಾರ ಒಂದು ಗಂಟೆ ಮಾತ್ರ ಆಡಿಸೋದು ಇಲ್ವಾ ಸಾರ್?" ಎಂದೆ. "ಒಂದು ಗಂಟೇಲಿ ಏನ್ ಟೀಮ್ ಆಗುತ್ತಮ್ಮ?" ಎಂದು ನಕ್ಕರು. ಅವರಿಗೆ ಹೇಗೆ ಹೇಳಲಿ?

ತವರಿಗೆ ಹೋಗುವ ಬಸ್ಸು ನಾವು ಆಡುತ್ತಿದ್ದ ಜಾಗದ ಪಕ್ಕವೇ ಹೋಗುತ್ತದೆ. ಎತ್ತರದ ಕಾಂಪೌಂಡು ಬಂದಿದೆ. ಗೇಟು ತೆರೆದಿದ್ದರೆ ಒಳಗೆ ಕಾರು ನಿಲ್ಲಿಸಲು ಎಳೆದ ಬಿಳಿ ಗೆರೆಗಳು ಕಾಣುತ್ತವೆ, ಒಂದೇ ಅಳತೆಯ ಚೌಕಗಳು, ಸಾಲಾಗಿ. ಪ್ರತಿ ಸಲ ಎಂಟರವರೆಗೆ ಎಣಿಸುತ್ತೇನೆ. ಭಾನುವಾರ ಕಾರುಗಳಿರುವುದಿಲ್ಲ. ಚೌಕಗಳು ಖಾಲಿ ಇರುತ್ತವೆ.