ಪೂಜೆಯಾದ ಚಿತ್ರದ ಗಾಜು

ಆ ಹಾಳಾದ ಗಾಜು ಮಾಡಲು ನನಗೆ ಹನ್ನೊಂದು ದಿನ ಹಿಡಿಯಿತು. ಹುಬ್ಬಳ್ಳಿಯ ಒಬ್ಬ ಆರ್ಕಿಟೆಕ್ಟರ ಕಚೇರಿಯಲ್ಲಿ ನನ್ನ ಕೆಲಸ. ಇನ್ನೂ ಪಾಯ ತೋಡದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಫೋಟೋ ಎಂದೇ ನಂಬುವಂತಹ ಚಿತ್ರ ಮಾಡಿಕೊಡುತ್ತೇನೆ. ಕಲ್ಲು, ಕಟ್ಟಿಗೆ ಯಾರು ಬೇಕಾದರೂ ಮಾಡುತ್ತಾರೆ. ಗಾಜಿನಲ್ಲಿ ಮಾತ್ರ ಬೆವರಿಳಿಯುತ್ತದೆ. ಹಿಂದಿದ್ದದ್ದೂ ಕಾಣಬೇಕು, ಎದುರಿಗಿದ್ದದ್ದೂ ಮೂಡಬೇಕು, ಓರೆಯಿಂದ ನೋಡಿದರೆ ಕನ್ನಡಿಯಾಗಬೇಕು, ಅಂಚಿನಲ್ಲಿ ತೆಳು ಹಸಿರು ಇರಬೇಕು. ಇಷ್ಟಾದರೂ ಕೊಳೆ ಹಚ್ಚುವ ತನಕ ಅದು ಸುಳ್ಳಾಗಿಯೇ ಕಾಣುತ್ತದೆ. ಹೀಗಾಗಿ ನಮ್ಮೂರ ಧೂಳು, ಕೆಳಗಡೆ ಬೋರಿನ ನೀರು ಒಣಗಿದ ಬಿಳಿ ಕಲೆ, ಅಲ್ಲಲ್ಲಿ ಬೆರಳಿನ ಗುರುತು ಎಲ್ಲವನ್ನೂ ಹಚ್ಚಿದೆ.

ಮನೆ ಧಾರವಾಡದ ಒಬ್ಬ ಹತ್ತಿ ವ್ಯಾಪಾರಿಯದು. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತಿದ್ದರು. ಅವರ ತಾಯಿಗೆ ಎರಡೂ ಕಣ್ಣಿನ ಪೊರೆ ತೆಗೆಸಿ ಆಗ ಕೆಲವೇ ತಿಂಗಳಾಗಿತ್ತು. ವರ್ಷಗಟ್ಟಲೆ ಯಾರದೋ ಕೈ ಹಿಡಿದು ಓಡಾಡಿ ಬೇಸತ್ತಿದ್ದ ಆ ಅಜ್ಜಿ ಹೊಸ ಮನೆಯಲ್ಲಿ ಕೇಳಿದ್ದು ಒಂದೇ. "ನನ್ನ ಖೋಲಿಯಿಂದ ಹಿತ್ತಲಕ್ಕ ನಾ ಒಬ್ಬಾಕೀನ ಹೋಗಿ ಪೂಜಿಗೆ ಹೂವಾ ತರೂವಂಗ ಇರಬೇಕವ್ವಾ. ಯಾರ ಕೈನೂ ನಾ ಹಿಡಿಯಾಂಗಿಲ್ಲ ಇನ್ನ." ಆ ದಾರಿಯಲ್ಲಿಯೇ, ಪಡಸಾಲೆ ಮತ್ತು ಹಿತ್ತಲಿನ ನಡುವೆ, ನೆಲದಿಂದ ಛತ್ತಿನವರೆಗೆ ಒಂದೇ ಹಾಳೆಯ ಗಾಜಿನ ಬಾಗಿಲು ಬರುವುದಿತ್ತು. ಅಲ್ಲಿ ಗಾಜಿರುವುದು ತಿಳಿಯಲೆಂದು ಅದಕ್ಕೆ ನಾನು ಅಜ್ಜಿಯ ಕಣ್ಣಿನ ಎತ್ತರಕ್ಕೆ ನಾಲ್ಕು ಬೆರಳು ಅಗಲದ ಹಾಲುಬಣ್ಣದ ಪಟ್ಟಿ ಹಾಕಿದೆ.

ನಮ್ಮ ಆರ್ಕಿಟೆಕ್ಟ್ ಸಾಹೇಬರು ಚಿತ್ರ ನೋಡಿ ಮುಖ ಸಿಂಡರಿಸಿದರು. "ಇದೇನ್ರಿ ಹೊಲಸು ಹಚ್ಚಿಟ್ಟೀರಿ? ಗಾಜು ಐತಿ ಅನ್ನೂದ ಗೊತ್ತಾಗಬಾರ್ದು. ಎಲ್ಲಾ ಒರಸ್ರಿ. ಆ ಪಟ್ಟೀನೂ ತಗೀರಿ."

"ಸರ್, ಅದು ಅಜ್ಜಿ ಸಲುವಾಗಿ ಹಾಕೇನ್ರಿ."

"ಅದನ್ನ ಕಟ್ಟೂಮುಂದ ನೋಡೂಣು. ಚಿತ್ರದಾಗ ಬ್ಯಾಡ."

ಜಗಳ ತೆಗೆಯಬೇಕಿತ್ತು. ಮಾತಿಗೆ ಮಾತು ಕೊಡುವ ನನ್ನ ಬಾಯಿ ಅವತ್ತು ಎಲ್ಲಿ ಸತ್ತಿತ್ತೋ ಏನೋ. ಖರೇ ಹೇಳಬೇಕೆಂದರೆ, ಕಾಣದ ಗಾಜು ಮಾಡಿ ತೋರಿಸುತ್ತೇನೆ ಎಂಬ ಹಟ ನನಗೂ ಹತ್ತಿತು. ಮತ್ತೆ ಮೂರು ದಿನ ಕೂತು ಧೂಳು ಒರೆಸಿದೆ, ಪಟ್ಟಿ ಕಿತ್ತೆ, ಗಾಜಿನ ಮೇಲೆ ಬಿದ್ದಿದ್ದ ಆಕಾಶವನ್ನೂ ಅಳಿಸಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಚಿತ್ರ ನೋಡಲು ಇಡೀ ಮನೆತನವೇ ಬಂದಿತ್ತು. ಅಜ್ಜಿ ಪರದೆಯ ಹತ್ತಿರ ಬಗ್ಗಿ, "ಇಲ್ಲೆ ಬಾಗಲಾ ಹಚ್ಚೇ ಇಲ್ಲಲ್ಲವ್ವಾ" ಎಂದರು. ಎಲ್ಲರೂ ನಕ್ಕರು. "ಮೇಡಂ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇನ್ರಿ?" ಎಂದರು ಸಾವಕಾರರು. ನಾನೂ ಹಲ್ಲು ಕಿಸಿದೆ. ಆ ಕೋಣೆಯಲ್ಲಿ ಕಣ್ಣು ನೆಟ್ಟಗಿದ್ದದ್ದು ಅಜ್ಜಿಯೊಬ್ಬರಿಗೇ.

ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದರೆಂದು ಆಗಲೇ ಕೇಳಿದ್ದೆ. ವಿಭೂತಿ ಹಚ್ಚಿದ್ದು ಅಜ್ಜಿಯೇ. ಆ ಮನೆಯಲ್ಲಿ ಪೂಜೆಯಾದದ್ದನ್ನು ಬದಲಿಸುವ ಪದ್ಧತಿಯಿಲ್ಲ. ಈ ಪದ್ಧತಿ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ತಾರಿಹಾಳದಿಂದ ಬಂದು ಗಾಜು ಕೂಡಿಸಿದ ಮೇಸ್ತ್ರಿಯ ಬಾಯಿಂದ. "ಪಟ್ಟಿ ಹಚ್ಚೂಣ್ರಿ ಅಂತ ಎರಡ ಸಲ ಕೇಳಿದ್ನಿರಿ ಅಕ್ಕಾರ. ಪೂಜಿ ಆದ ಚಿತ್ರೈತಿ, ಅದರಾಗ ಇಲ್ಲದ್ದು ಗಾಜಿನ ಮ್ಯಾಲ ಬರಬಾರ್ದು ಅಂದ್ರು ಸಾವಕಾರ್ರು." ಕಟ್ಟುವಾಗ ನೋಡೋಣ ಎಂದಿದ್ದ ನಮ್ಮ ಸಾಹೇಬರು ಕಟ್ಟುವಾಗ ಆ ಕಡೆ ತಲೆ ಹಾಕಿರಲಿಲ್ಲ. ನಾನೂ ಹೋಗಿರಲಿಲ್ಲ.

ಗೃಹಪ್ರವೇಶದ ದಿನ ಮುಂಜಾನೆ ನಾನು ಪಡಸಾಲೆಯಲ್ಲಿ ಸಿಹಿ ಶಿರಾದ ತಾಟು ಹಿಡಿದು ನಿಂತಿದ್ದೆ. ಹಿತ್ತಲಿನ ಗಾಜಿನ ಬಾಗಿಲು ಹಾಕಿತ್ತು. ಆ ಗಾಜನ್ನೇ ನೋಡುತ್ತ, ಹೂಬೇಹೂಬು ನನ್ನ ಚಿತ್ರದಂತೆಯೇ ಬಂದಿದೆ ಎಂದು ಒಳಗೊಳಗೇ ಉಬ್ಬುತ್ತಿದ್ದೆ. ಅಜ್ಜಿ ಹೂವಿನ ಬುಟ್ಟಿ ಹಿಡಿದು ಹೊರಟರು. ಕೈ ಹಿಡಿಯಲು ಬಂದ ಮೊಮ್ಮಗಳಿಗೆ "ಬಿಡಬೇ, ನಾ ಹೋಗ್ತೇನಿ" ಎಂದರು. ಕಣ್ಣು ಹಿತ್ತಲಿನ ಮಲ್ಲಿಗೆ ಬಳ್ಳಿಯ ಮೇಲಿತ್ತು. ನಾಲ್ಕು ಹೆಜ್ಜೆ ಲಗುಬಗೆಯಿಂದ ನಡೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಪ್ಪಳವಾಯಿತು.

ಮೂಗಿನಿಂದ ರಕ್ತ, ಹಣೆ ಒಡೆದಿತ್ತು. ಸಾವಕಾರರು ತಾಯಿಯನ್ನು ಎತ್ತುವ ಮೊದಲು, ಬಿರುಕು ಬಿಟ್ಟಿದೆಯೇ ಎಂದು ಗಾಜಿಗೆ ಕೈ ಹಚ್ಚಿ ನೋಡಿದರು. ನಾನು ಕಣ್ಣಾರೆ ಕಂಡಿದ್ದೇನೆ. ಯಾರೋ ಹಿರಿಯರು, "ವಯಸ್ಸಾತು ನೋಡ್ರಿ, ಎಷ್ಟ ಆಪರೇಷನ್ ಮಾಡಿಸಿದ್ರೂ ಮುದಿ ಕಣ್ಣು ಮುದಿ ಕಣ್ಣ" ಎಂದರು. ಸಾಹೇಬರೂ ಗೋಣು ಹಾಕಿದರು. ನನ್ನ ಸಿಟ್ಟು ನೆತ್ತಿಗೇರಿತು.

"ಅವರ ಕಣ್ಣಿಗೆ ಏನೂ ಆಗಿಲ್ರಿ" ಎಂದು ಎಲ್ಲರೆದುರು ಒದರಿದೆ. "ಕಾಣದಾಂಗ ಮಾಡಿದಾಕಿ ನಾನು. ಮಾಡಸಿದವರು ಈ ಸಾಹೇಬ್ರು. ಪೂಜಿ ಮಾಡಿದವರು ನೀವು." ಸಾಹೇಬರು ನನ್ನ ಮೊಳಕೈ ಹಿಡಿದು ಜಗ್ಗಿದರು. ಕೊಸರಿಕೊಂಡು ತಾಟು ಅಲ್ಲೇ ಇಟ್ಟು ಬಂದೆ.

ಹಣೆಯ ಹೊಲಿಗೆ ಬಿಚ್ಚಿದ ಮೇಲೆ ಅಜ್ಜಿಯನ್ನು ಕಾಣಲು ಹೋದೆ. ಗಾಜಿಗೆ ಈಗ ಅಗಲವಾದ ಪಟ್ಟಿ ಬಂದಿತ್ತು. ತಪ್ಪು ನನ್ನದು ಎಂದು ಹೇಳಿದೆ. "ನಿಂದೇನ ತಪ್ಪವ್ವಾ? ನನ್ನ ಕಣ್ಣ ಹೋಗ್ಯಾವಂತ, ಎಲ್ಲಾರೂ ಅಂತಾರ" ಎಂದರು. ಡಾಕ್ಟರು ಕಣ್ಣು ಚೆನ್ನಾಗಿವೆ ಎಂದು ಬರೆದುಕೊಟ್ಟಿದ್ದರೂ ಮನೆಯವರು ಅಜ್ಜಿಯನ್ನು ಹಾಗೆಂದೇ ನಂಬಿಸಿಬಿಟ್ಟಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ.

ಚಹಾ ಕುಡಿದೇ ಹೋಗು ಎಂದು ಎದ್ದರು. ಅಡುಗೆಮನೆಗೆ ಬಾಗಿಲೇ ಇಲ್ಲ, ಬರೀ ಕಮಾನು. ಅದರ ಮುಂದೆ ಬಂದು ನಿಂತರು. ಬಲಗೈ ಚಾಚಿ, ಏನೂ ಇಲ್ಲದ ಗಾಳಿಯನ್ನು ಆ ಕಡೆ ಈ ಕಡೆ ತಡವಿದರು. ಆದರೂ ಹೆಜ್ಜೆ ಎತ್ತಲಿಲ್ಲ. ಮೊಮ್ಮಗಳು ಬಂದು ಕೈ ಹಿಡಿದಳು. ಅಜ್ಜಿ ಬಿಡಿಸಿಕೊಳ್ಳಲಿಲ್ಲ.