ಖಲೆಫ್ ಮಾಮ ಮುಚ್ಚಿದ ನೆಲಮಾಳಿಗೆ

ನಮ್ಮ ಗಡಿಯೂರು ಸೆರೆಕಾನಿಯಲ್ಲಿ ಬಾವಿ ತೋಡಿಸಬೇಕೆಂದರೆ ಜನ ಮೊದಲು ಖಲೆಫ್ ಮಾಮನ ಬಾಗಿಲು ಬಡಿಯುತ್ತಿದ್ದರು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ, ಹಾಗಾಗಿ ಅಲ್ಲಿನ ಜಗಳವೆಲ್ಲ ನನಗೆ ಬಾಯಿಪಾಠ. ಜಗಳವೆಂದರೆ ಜರ್ಗಾ ಅತ್ತೆ ಬೈಯುವುದು, ಮಾಮ ಸಿಗರೇಟು ಸುತ್ತುತ್ತಾ ಕೂರುವುದು, ಅಷ್ಟೇ. ಅತ್ತೆಗೆ ಮಂಡಿ ಎರಡೂ ಹೋಗಿದ್ದವು. ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿತ್ತು.

ತಾರಸಿಗೆ ಹತ್ತಿದರೆ ಗಡಿಯ ಗೋಡೆ ಕಾಣುತ್ತಿತ್ತು. ಅದರಾಚೆ ಟರ್ಕಿ. ಅಲ್ಲಿಂದ ಒಂದಲ್ಲ ಒಂದು ದಿನ ಗುಂಡು ಬರುತ್ತದೆಂದು ನಮ್ಮ ಕುರ್ದರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಪಡೆಯ ಹುಡುಗರು ಊರಿನಡಿಯಲ್ಲಿ ಸುರಂಗ ತೋಡಿದರು. ಮಾಮ ತನ್ನ ಅಂಗಳದಲ್ಲಿ ನೆಲಮಾಳಿಗೆ ತೋಡಿ ಅದನ್ನು ಸುರಂಗಕ್ಕೆ ಸೇರಿಸಿದ. ಮೆಟ್ಟಿಲು ಕಟ್ಟಲಿಲ್ಲ. ಅತ್ತೆ ಕೂತಲ್ಲಿಂದಲೇ ಜಾರಿಕೊಂಡು ಇಳಿಯಲೆಂದು ಇಳಿಜಾರು ಮಾಡಿದ.

"ಇಷ್ಟು ಬೇಗ ನನಗೆ ಗೋರಿ ತೋಡ್ತಿದ್ದೀಯಾ?" ಎಂದಳು ಅತ್ತೆ.

"ಗೋರಿ ಆಗಿದ್ರೆ ನೀನು ಬಾಯಿ ಮುಚ್ಕೊಂಡು ಮಲಗ್ತಿದ್ದೆ. ಇದರೊಳಗೂ ನನ್ನನ್ನ ಬೈತಾನೇ ಇರ್ತೀಯ," ಎಂದ ಮಾಮ.

ಅವರ ಒಬ್ಬನೇ ಮಗ ಸೀಪಾನ್ ರಕ್ಕಾದಲ್ಲಿ ಐಸಿಸ್ ವಿರುದ್ಧ ಹೋರಾಡುತ್ತಾ ಸತ್ತ. ಮೇಲೆ ಅಮೆರಿಕದ ವಿಮಾನ, ಕೆಳಗೆ ನಮ್ಮ ಮಕ್ಕಳು. ಆ ಸ್ನೇಹದ ಲೆಕ್ಕಾಚಾರ ಇದ್ದದ್ದೇ ಹಾಗೆ. ಸಾವಿಗೆ ಬಂದವರು ಕೂರಲೆಂದು ಹಾಕಿದ ಡೇರೆಗೆ ಅಮೆರಿಕದ ಅಧಿಕಾರಿಯೊಬ್ಬ ಬಂದ. ಎಲ್ಲರ ಜೊತೆ ನೆಲದ ಮೇಲೆ ಕೂತು, ಸೂತಕದ ಕಹಿ ಕಾಫಿ ಕುಡಿದು, ಎದೆಯ ಮೇಲೆ ಕೈಯಿಟ್ಟುಕೊಂಡ. ಆ ಕಾಫಿ ಕುಡಿದವನು ನಮ್ಮಲ್ಲಿ ಮನೆಯವನಿದ್ದಂತೆ. ಅದು ಆ ಪುಣ್ಯಾತ್ಮನಿಗೆ ಗೊತ್ತಿತ್ತೋ ಇಲ್ಲವೋ, ಮಾಮನಂತೂ ಹಾಗೇ ಎಣಿಸಿಬಿಟ್ಟ.

ಎರಡು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ಮೊಹಲ್ಲಾ ಸಮಿತಿಯ ನೆರ್ಗಿಜ್ ಮನೆಮನೆಗೂ ಬಂದಳು. ಸುರಂಗಗಳ ಬಗ್ಗೆ ಟರ್ಕಿ ತಕರಾರು ತೆಗೆದಿತ್ತು. ಅವನ್ನು ಮುಚ್ಚಿಬಿಡಿ, ದಾಳಿ ಆಗದಂತೆ ನಾವು ನೋಡಿಕೊಳ್ಳುತ್ತೇವೆ ಎಂದಿದ್ದರು ಅಮೆರಿಕದವರು.

"ಮಾಮ, ನಿಮ್ಮದೂ ಮುಚ್ಚಬೇಕಂತೆ. ಗಡೀಲಿ ಅವರೇ ನಿಲ್ತಾರಂತೆ," ಎಂದಳು ನೆರ್ಗಿಜ್.

"ಅಂತೆ ಕಂತೆ ಕೇಳ್ಕೊಂಡು ಯಾರಾದ್ರೂ ತಲೆ ಮೇಲಿನ ಸೂರು ಕಿತ್ತು ಹಾಕ್ತಾರೇನೇ, ಹುಡುಗಿ?" ಅತ್ತೆ ಒಳಗಿಂದಲೇ ಕೂಗಿದಳು.

"ಸೀಪಾನ್ ಸಾವಿಗೆ ಬಂದು ಕಾಫಿ ಕುಡಿದೋರು ಕಣೇ. ನಡುನೀರಲ್ಲಿ ಕೈ ಬಿಡ್ತಾರಾ?" ಎಂದ ಮಾಮ.

"ಕುಡಿದೋನು ಒಬ್ಬ. ಕೈ ಬಿಡೋವಾಗ ಅವನನ್ನ ಕೇಳಿ ಬಿಡ್ತಾರಾ? ಅವನ ದೊರೆ ಇರೋದು ಸಮುದ್ರದಾಚೆ."

"ನಿನಗೆ ಯಾರ ಮೇಲೂ ನಂಬಿಕೆ ಇಲ್ಲ."

"ನನ್ನ ಮಂಡಿ ಮೇಲೂ ಇಲ್ಲ. ಅದಕ್ಕೇ ಬಡ್ಕೊಳ್ತಿರೋದು. ಓಡೋರು ಓಡ್ತಾರೆ. ನಾನೆಲ್ಲಿಗೆ ಹೋಗ್ಲಿ?"

ಮಗನನ್ನು ಕೊಟ್ಟು ಪಡೆದ ಸ್ನೇಹ ಸುಳ್ಳೆಂದು ಒಪ್ಪಿಕೊಳ್ಳಲು ಯಾವ ತಂದೆಗೆ ಮನಸ್ಸು ಬರುತ್ತದೆ? ಮಾಮ ಕೆಲವು ದಿನ ಅನ್ನವೂ ಸೇರದೆ ಓಡಾಡಿದ. ಆಮೇಲೆ ಸಲಿಕೆ ಹಿಡಿದ. ಸಮಿತಿಯವರು ಯಂತ್ರ ಕಳಿಸುತ್ತೇವೆಂದರೂ ಬೇಡವೆಂದು ತಾನೊಬ್ಬನೇ ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತು ತುಂಬಿದ. ಕಾವಲು ಗಾಡಿಯಲ್ಲಿ ಬಂದ ಅಮೆರಿಕದ ಸೈನಿಕರು ನೋಡಿ, ಫೋಟೋ ತೆಗೆದುಕೊಂಡು ಹೋದರು. ಅವರಲ್ಲಿ ಯಾರೂ ಸಾವಿಗೆ ಬಂದವರಲ್ಲ. ಅತ್ತೆ ಅಂದು ಒಂದೂ ಬೈಗುಳ ಆಡಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಗಡಿಠಾಣೆಯ ಅಮೆರಿಕದ ಬಾವುಟ ಇಳಿಯಿತು, ಗಾಡಿಗಳು ಹೊರಟುಹೋದವು. ಎರಡು ದಿನ ಕಳೆದು ಮಧ್ಯಾಹ್ನ ಟರ್ಕಿಯ ವಿಮಾನಗಳು ಬಂದವು. ಊರಿಗೆ ಊರೇ ಬೀದಿಗೆ ಬಿತ್ತು. ಅತ್ತೆಯನ್ನು ಸಾಗಿಸಲು ಮಾಮ ಗಾಡಿ ಹುಡುಕುತ್ತಾ ಓಡಿದ. ನಾನು ಮಕ್ಕಳನ್ನು ಬಗಲಿಗೆ ಹಾಕಿಕೊಂಡು ಅವಳ ಬಾಗಿಲಲ್ಲಿ ನಿಂತೆ.

"ನಿಂತು ನನ್ನ ಮುಖ ಏನು ನೋಡ್ತೀಯ? ಮಕ್ಕಳನ್ನ ಕರ್ಕೊಂಡು ಹೋಗು!" ಎಂದು ಗದರಿದಳು.

ನೂಕುನುಗ್ಗಲಲ್ಲಿ ಗಲ್ಲಿಯ ತುದಿ ದಾಟಲು ಅರ್ಧ ಗಂಟೆಯೇ ಹಿಡಿಯಿತು. ಅಷ್ಟರಲ್ಲಿ ಹಿಂದಿನಿಂದ ಕಿವಿ ಗಡಚಿಕ್ಕುವ ಸದ್ದು ಬಂತು. ಮಕ್ಕಳನ್ನು ಯಾರದೋ ಕೈಗೆ ಕೊಟ್ಟು ತಿರುಗಿ ಓಡಿದೆ. ಮಾಮನೂ ಒಂದು ಪಿಕಪ್ ಗಾಡಿಯಿಂದ ಹಾರಿಕೊಂಡು ಬಂದ. ಅವಳಿದ್ದ ಕೋಣೆಯ ಒಂದು ಮಗ್ಗುಲು ಕುಸಿದಿತ್ತು. ಹಾಸಿಗೆ ಬರಿದಾಗಿತ್ತು.

ಅವಳು ಅಂಗಳದಲ್ಲಿದ್ದಳು. ಕೋಣೆಯಿಂದ ಅಲ್ಲಿಯವರೆಗೆ ತೆವಳಿದ ಗುರುತು ಧೂಳಿನಲ್ಲಿತ್ತು. ನೆಲಮಾಳಿಗೆಯ ಬಾಯಿದ್ದ ಜಾಗದಲ್ಲಿ ಬೋರಲು ಬಿದ್ದಿದ್ದಳು. ಬೆನ್ನಿನ ತುಂಬ ಕಬ್ಬಿಣದ ಚೂರು, ಉಗುರಿನ ತುಂಬ ಮಣ್ಣು. ಗೇಣುದ್ದ ಕೆದಕಿದ್ದಳು. ಮುಚ್ಚಿದೆಯೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಜೀವ ಹೋಗುವ ಹೊತ್ತಿಗೆ ಹೋಗಲು ಬೇರೆ ಜಾಗ ಗೊತ್ತಿರಲಿಲ್ಲ.

ಓಡಿಹೋಗುವ ದಾರಿಯಲ್ಲಿ ತಿಲ್ ತೆಮಿರ್ ಊರಿನ ಹೊರಗೆ ಅವಳನ್ನು ಮಣ್ಣು ಮಾಡಿದೆವು. ಈಗ ನಾವು ಹಸಕಾ ಪಟ್ಟಣದ ಹತ್ತಿರ ನಿರಾಶ್ರಿತರ ಡೇರೆಗಳಲ್ಲಿದ್ದೇವೆ. ಮಾಮ ಮಳೆನೀರು ಹೋಗಲು ಡೇರೆಗಳ ಸುತ್ತ ಕಾಲುವೆ ತೆಗೆಯುತ್ತಾನೆ. ಅಮೆರಿಕದವರು ಮರಳಿ ಬಂದಿದ್ದಾರೆ, ಎಣ್ಣೆಬಾವಿಗಳನ್ನು ಕಾಯಲು. ಅವರ ಗಾಡಿಗಳು ಹಾದುಹೋದಾಗ ಗಂಡಸರೆಲ್ಲ ಎದ್ದು ಬೈಯುತ್ತಾರೆ. ನಾನೂ ಬೈಯುತ್ತೇನೆ, ಬೈದರೆ ಅರೆಗಳಿಗೆ ಹಗುರವಾಗುತ್ತದೆ. ಮೊನ್ನೆ ಪಕ್ಕದ ಡೇರೆಯವನು ಮಾಮನನ್ನು ಕೆಣಕಿದ.

"ನೀನೂ ಒಂದು ಬೈಯೋ ಖಲೆಫ್! ನಿನ್ನಷ್ಟು ಮೋಸ ಹೋದೋರು ಯಾರಿದ್ದಾರೆ?"

ಮಾಮ ಗಾಡಿಗಳತ್ತ ನೋಡಲೇ ಇಲ್ಲ.

"ಅವರು ಬಿಟ್ಟು ಹೋದ್ರು, ನಿಜ. ಟರ್ಕಿಯೋರು ಬಾಂಬ್ ಹಾಕಿದ್ರು, ಅದೂ ನಿಜ," ಎಂದ. "ಆದ್ರೆ ಅವಳು ಬೇಡ ಅಂದಿದ್ದು ನನಗೆ. ಮುಚ್ಚಿದ್ದು ನಾನು."